ನಾಲ್ಕು ಅಕ್ಷರ, ಅರ್ಧ ಸೆಕೆಂಡ್ ಮೌನ: ಯಹೂದಿಗಳು ದೇವರ ಹೆಸರನ್ನು ಯಾಕೆ ಉಚ್ಚರಿಸುವುದಿಲ್ಲ?

ಇವತ್ತಿನ ಎಪಿಸೋಡನ್ನು ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ.

ಕೆಲವು ತಿಂಗಳ ಹಿಂದೆ ಜೆರುಸಲೆಮ್ ನಗರದ ಇತಿಹಾಸದ ಬಗ್ಗೆ ಒಂದು ಎಪಿಸೋಡ್ ಮಾಡಿದ್ದೆ. ನಿಮ್ಮಲ್ಲಿ ಕೆಲವರು ಕೇಳಿರಬಹುದು. ಅದರಲ್ಲಿ ಯಹೂದಿಗಳ ದೇವರ ಹೆಸರನ್ನು, ಇಂಗ್ಲಿಷ್ ಪುಸ್ತಕದಲ್ಲಿ ಹೇಗಿತ್ತೋ ಹಾಗೇ, ಜೋರಾಗಿ ಓದಿದ್ದೆ. ಒಂದು ಸಲ ಅಲ್ಲ, ಹನ್ನೊಂದು ಸಲ. ಒಂದು ವಾರದ ನಂತರ ವಾಯ್ಸ್ ನೋಟ್ ಬಂತು. ಕಳಿಸಿದವರು ನಮ್ಮ ಕರಾವಳಿಯವರು. ಇಸ್ರೇಲಿನಲ್ಲಿ ವಯಸ್ಸಾದ ಅಜ್ಜಿಯೊಬ್ಬರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾರೆ. ಅಡುಗೆ ಮಾಡ್ತಾ ನನ್ನ ಎಪಿಸೋಡನ್ನು ಸ್ಪೀಕರ್‌ನಲ್ಲಿ ಹಾಕಿದ್ದರಂತೆ. ಅಜ್ಜಿಗೆ ಕನ್ನಡದ ಒಂದಕ್ಷರವೂ ಬರಲ್ಲ. ಆದರೆ ನಡುವೆ ಆ ಪದ ಕಿವಿಗೆ ಬಿದ್ದ ತಕ್ಷಣ ಚಹಾ ಲೋಟ ಕೆಳಗಿಟ್ಟು, "ಈ ಹುಡುಗ ಅದನ್ನ ಯಾಕೆ ಹೀಗೆ ಹೇಳ್ತಿದ್ದಾನೆ?" ಅಂತ ಕೇಳಿದರಂತೆ.

ಕೋಪ ಇರಲಿಲ್ಲ, ಆಶ್ಚರ್ಯ ಇತ್ತು ಅಂತ ಅವರು ಹೇಳಿದರು. ತೆಗೆದುಹಾಕಿ ಅಂತ ಅಜ್ಜಿಯೂ ಕೇಳಲಿಲ್ಲ, ಇವರೂ ಕೇಳಲಿಲ್ಲ. ಆದರೆ ನನಗೆ ಒಂದು ವಿಷಯ ತಲೆಯಿಂದ ಹೋಗಲೇ ಇಲ್ಲ. ನಲವತ್ತು ನಿಮಿಷದ ನನ್ನ ಮಾತಿನಲ್ಲಿ ಅಜ್ಜಿಗೆ ಅರ್ಥವಾದ ಪದ ಅದೊಂದೇ. ಅದನ್ನೇ ನಾನು ತಪ್ಪಾಗಿ ಬಳಸಿದ್ದೆ.

ಹಾಗಾಗಿ ಇವತ್ತು ಎರಡು ಪ್ರಶ್ನೆ. ಒಂದು, ಒಂದು ಹೆಸರನ್ನು ಎರಡು ಸಾವಿರ ವರ್ಷ ಬಾಯಲ್ಲಿ ಹೇಳದೆ ಉಳಿಸಿಕೊಳ್ಳೋದು ಅಂದ್ರೆ ಏನು? ಎರಡು, ನನ್ನ ಆ ಹಳೇ ರೆಕಾರ್ಡಿಂಗನ್ನು ನಾನು ಏನು ಮಾಡಬೇಕಿತ್ತು? ಎರಡನೇದಕ್ಕೆ ಉತ್ತರ ಹುಡುಕ್ತಾ ಹೋದವನು ಕೊನೆಗೆ 900 ವರ್ಷ ಹಿಂದಿನ ಮಂಗಳೂರಿಗೆ ಬಂದು ನಿಂತೆ. ಅಲ್ಲಿಗೂ ಹೋಗೋಣ.

ಮೊದಲು ಆ ಹೆಸರು. ಹೀಬ್ರೂ ಭಾಷೆಯಲ್ಲಿ ಅದು ನಾಲ್ಕು ಅಕ್ಷರ: ಯೋದ್, ಹೇ, ವಾವ್, ಮತ್ತೆ ಹೇ. ಬಲದಿಂದ ಎಡಕ್ಕೆ ಬರೀತಾರೆ. ಹೀಬ್ರೂ ಬೈಬಲ್‌ನಲ್ಲಿ ಇದು 6,800ಕ್ಕೂ ಹೆಚ್ಚು ಸಲ ಬರುತ್ತೆ. ಇಷ್ಟು ಸಲ ಬರೆದಿರೋ ಹೆಸರನ್ನು ಹೇಗೆ ಉಚ್ಚರಿಸಬೇಕು ಅಂತ ಇವತ್ತು ಖಚಿತವಾಗಿ ಹೇಳಬಲ್ಲವರು ಯಾರೂ ಇಲ್ಲ. ವಿದ್ವಾಂಸರು ಒಂದು ರೂಪವನ್ನು ಊಹಿಸಿದ್ದಾರೆ, ನಾನು ಓದಿದ್ದು ಅದನ್ನೇ.

ಯಾಕೆ ಕಳೆದುಹೋಯ್ತು? ಹಳೇ ಹೀಬ್ರೂ ಬರಹದಲ್ಲಿ ವ್ಯಂಜನಗಳು ಮಾತ್ರ ಇರುತ್ತಿದ್ದವು. ಸ್ವರಗಳನ್ನು ಓದುವವರೇ ಹಾಕಿಕೊಳ್ಳಬೇಕು. ಕನ್ನಡದಲ್ಲಿ ಕೊಂಬು, ಇಳಿ, ಏತ್ವ, ದೀರ್ಘ ಯಾವುದೂ ಇಲ್ಲದೆ ಬರೀ 'ಮ್' ಮತ್ತು 'ಗ್' ಬರೆದಿಟ್ಟರೆ ಏನಂತ ಓದ್ತೀರಿ? ಮಗ, ಮಗು, ಮೂಗು, ಮೊಗ, ಮಾಗಿ, ಮುಗಿ. ವಾಕ್ಯ ನೋಡಿ ಗೊತ್ತಾಗುತ್ತೆ, ಯಾಕಂದ್ರೆ ಈ ಪದಗಳನ್ನು ದಿನಾ ಕೇಳಿದ್ದೀವಿ. ಕೇಳೋದೇ ನಿಂತುಹೋದರೆ? ವ್ಯಂಜನ ಹಾಳೆ ಮೇಲೆ ಉಳಿಯುತ್ತೆ, ಸ್ವರ ಗಾಳಿಯಲ್ಲಿ ಹೋಗುತ್ತೆ. ಆ ನಾಲ್ಕು ಅಕ್ಷರಕ್ಕೆ ಆಗಿದ್ದು ಇದೇ.

ಆದರೆ ಶುರುವಿನಿಂದಲೇ ಹೀಗಿರಲಿಲ್ಲ. 1868ರಲ್ಲಿ ಈಗಿನ ಜೋರ್ಡಾನ್ ದೇಶದಲ್ಲಿ ಮೋವಾಬ್ ರಾಜ ಮೇಷನ ಒಂದು ಶಾಸನ ಸಿಕ್ಕಿತು. ಕ್ರಿ.ಪೂ. 9ನೇ ಶತಮಾನದ್ದು, ಈಗ ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿದೆ. ಅದರಲ್ಲಿ ಶತ್ರು ರಾಜನೊಬ್ಬ ಈ ದೇವರ ಹೆಸರನ್ನು ಬರೆಸಿದ್ದಾನೆ. ಆಮೇಲೆ 1935ರಲ್ಲಿ ಲಾಖೀಷ್ ಅನ್ನೋ ಹಳೇ ಕೋಟೆಯ ಬಾಗಿಲ ಹತ್ತಿರ ಮಡಕೆ ಚೂರುಗಳ ಮೇಲೆ ಶಾಯಿಯಲ್ಲಿ ಬರೆದ ಪತ್ರಗಳು ಸಿಕ್ಕವು. ಬಾಬಿಲೋನಿನ ಸೈನ್ಯ ಜೆರುಸಲೆಮನ್ನು ನಾಶ ಮಾಡುವ ಸ್ವಲ್ಪ ಮುಂಚಿನವು. ಕೆಳಗಿನ ಅಧಿಕಾರಿ ಮೇಲಿನ ಅಧಿಕಾರಿಗೆ ಬರೆದ ರಿಪೋರ್ಟ್‌ಗಳು. ನಾವು ಆಫೀಸ್ ಮೇಲ್‌ನಲ್ಲಿ ಮೊದಲು ಕುಶಲ ಕೇಳ್ತೀವಲ್ಲ, ಹಾಗೆ ಅವರು ಈ ದೇವರ ಹೆಸರು ಬರೆದು, ಆತ ನಿಮಗೆ ಒಳ್ಳೇ ಸುದ್ದಿ ಕೇಳಿಸಲಿ ಅಂತ ಶುರು ಮಾಡ್ತಾರೆ. ಅಂದ್ರೆ ಆಗ ಇದು ದಿನಬಳಕೆಯ ಹೆಸರು.

ನಂತರದ ಶತಮಾನಗಳಲ್ಲಿ ನಿಧಾನವಾಗಿ ಬಾಯಿ ಮುಚ್ಚಿಕೊಂಡಿತು. ಹತ್ತು ಆಜ್ಞೆಗಳಲ್ಲಿ ಒಂದು, ದೇವರ ಹೆಸರನ್ನು ವ್ಯರ್ಥವಾಗಿ ಎತ್ತಬಾರದು ಅನ್ನುತ್ತೆ. ಎಷ್ಟು ಬಳಸಿದರೆ ವ್ಯರ್ಥ? ಗೆರೆ ಎಲ್ಲಿದೆ ಅಂತ ಗೊತ್ತಿಲ್ಲದಾಗ ಜನ ಗೆರೆಯಿಂದ ಎರಡು ಹೆಜ್ಜೆ ಹಿಂದೆಯೇ ನಿಲ್ತಾರೆ. ಈ ಭಯಭಕ್ತಿ ಅಕ್ಷರದಲ್ಲೂ ಕಾಣುತ್ತೆ. 1947ರಲ್ಲಿ ಮೃತ ಸಮುದ್ರದ ಹತ್ತಿರ ಕುಮ್ರಾನ್ ಗುಹೆಗಳಲ್ಲಿ ಸಿಗಲು ಶುರುವಾದ ಸುರುಳಿಗಳು ಸುಮಾರು ಎರಡು ಸಾವಿರ ವರ್ಷ ಹಳೇವು. ಕೆಲವು ಸುರುಳಿಗಳಲ್ಲಿ ಇಡೀ ಪಠ್ಯ ಒಂದು ಲಿಪಿಯಲ್ಲಿದ್ದರೆ, ದೇವರ ಹೆಸರು ಮಾತ್ರ ಆಗಲೇ ಹಳತಾಗಿದ್ದ ಪ್ರಾಚೀನ ಲಿಪಿಯಲ್ಲಿದೆ. ಓದುವವನಿಗೆ ಅದು ಸ್ಪೀಡ್ ಬ್ರೇಕರ್ ಇದ್ದ ಹಾಗೆ. ಇನ್ನು ಕೆಲವೆಡೆ ಹೆಸರೇ ಇಲ್ಲ, ಅದರ ಜಾಗದಲ್ಲಿ ನಾಲ್ಕು ಚುಕ್ಕಿ.

ಕೊನೆಗೆ ಆ ಹೆಸರಿಗೆ ಒಂದೇ ಜಾಗ ಉಳಿಯಿತು, ಜೆರುಸಲೆಮ್‌ನ ದೇವಾಲಯ. ಸುಮಾರು ಕ್ರಿ.ಶ. 200ರಲ್ಲಿ ಸಂಕಲನವಾದ ಮಿಷ್ನಾ ಅನ್ನೋ ಗ್ರಂಥ ಇದನ್ನು ವರ್ಣಿಸುತ್ತೆ. ಪುರೋಹಿತರು ಜನರನ್ನು ಆಶೀರ್ವದಿಸುವಾಗ ದೇವಾಲಯದ ಒಳಗೆ ಹೆಸರನ್ನು ಬರೆದಿರುವಂತೆ ಹೇಳ್ತಿದ್ದರು, ಹೊರಗೆ ಬದಲಿ ಪದ. ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪುರ್‌ನಂದು ಮಹಾಯಾಜಕರ ಬಾಯಿಂದ ಆ ಹೆಸರು ಹೊರಬಂದಾಗ ಅಂಗಳದಲ್ಲಿದ್ದ ಜನ ನೆಲಕ್ಕೆ ಬೀಳ್ತಿದ್ದರು.

ಕ್ರಿ.ಶ. 70ರಲ್ಲಿ ರೋಮನ್ ಸೈನ್ಯ ಆ ದೇವಾಲಯವನ್ನು ಸುಟ್ಟುಹಾಕಿತು. ಕಟ್ಟಡದ ಜೊತೆ ಹೆಸರು ಹೇಳಬಹುದಾದ ಜಾಗವೂ ಹೋಯ್ತು. ಗುರುಗಳು ಶಿಷ್ಯರಿಗೆ ಏಳು ವರ್ಷಕ್ಕೊಮ್ಮೆ ಅದನ್ನು ಹೇಳಿಕೊಡ್ತಿದ್ದರು, ಅಲ್ಲ, ಎರಡು ಸಲ ಅಂತ ತಾಲ್ಮುದ್‌ನಲ್ಲಿ ಚರ್ಚೆ ಇದೆ. ಆಮೇಲೆ ಆ ಸರಪಳಿಯೂ ಕಡಿಯಿತು.

ಹಾಗಾದರೆ ಪ್ರಾರ್ಥನೆಯಲ್ಲಿ ಆ ನಾಲ್ಕು ಅಕ್ಷರ ಬಂದಾಗ ಏನು ಮಾಡ್ತಾರೆ? ಕಣ್ಣು ಒಂದನ್ನು ನೋಡುತ್ತೆ, ಬಾಯಿ ಇನ್ನೊಂದನ್ನು ಹೇಳುತ್ತೆ: ಅದೋನಾಯ್, ಅಂದ್ರೆ 'ನನ್ನ ಒಡೆಯ'. ಪಾಠಕ್ಕೋಸ್ಕರ ಒಂದು ಸಲ ಹೇಳಿದೆ, ಯಾಕಂದ್ರೆ ಕಟ್ಟುನಿಟ್ಟಿನ ಯಹೂದಿಗಳು ಪ್ರಾರ್ಥನೆಯ ಹೊರಗೆ ಇದನ್ನೂ ಸುಮ್ಮಸುಮ್ಮನೆ ಹೇಳಲ್ಲ. ಮನೆಮಾತಿನಲ್ಲಿ 'ಹಶೆಮ್' ಅನ್ನುತ್ತಾರೆ. ಹಶೆಮ್ ಅಂದ್ರೆ ಬರೀ 'ಆ ಹೆಸರು'. 'ಹಶೆಮ್ ಕಾಪಾಡಲಿ' ಅಂದರೆ 'ಆ ಹೆಸರು ಕಾಪಾಡಲಿ' ಅಂತ. ಬದಲಿಗೂ ಒಂದು ಬದಲಿ, ಬೇಲಿಗೊಂದು ಬೇಲಿ.

ಕ್ರಿ.ಶ. 6ರಿಂದ 10ನೇ ಶತಮಾನದವರೆಗೆ ಮಸೋರೆಟರು ಅನ್ನೋ ವಿದ್ವಾಂಸರು ಹೀಬ್ರೂ ಪಠ್ಯಕ್ಕೆ ಸ್ವರಚಿಹ್ನೆಗಳನ್ನು ಸೇರಿಸಿದರು. ಈ ನಾಲ್ಕು ಅಕ್ಷರಕ್ಕೆ ಬಂದಾಗ ಅವರು ಹಾಕಿದ್ದು ಬದಲಿ ಪದದ ಸ್ವರಗಳನ್ನು. ಅದು 'ಇಲ್ಲಿ ಬದಲಿ ಪದ ಓದು' ಅನ್ನೋ ಸೂಚನೆ. ನಂತರ ಯುರೋಪಿನ ಕ್ರೈಸ್ತ ಓದುಗರು ಈ ಸೂಚನೆಯನ್ನೇ ಉಚ್ಚಾರ ಅಂದುಕೊಂಡು, ಒಂದರ ವ್ಯಂಜನ ಇನ್ನೊಂದರ ಸ್ವರ ಸೇರಿಸಿ ಹೊಸ ಪದ ಓದಿದರು. ಮಿಷನರಿಗಳ ಜೊತೆ ಅದು ದೇಶದೇಶ ಸುತ್ತಿತು. ಕನ್ನಡ ಬೈಬಲ್ ಓದಿದವರಿಗೆ 'ಯ'ಕಾರದಿಂದ ಶುರುವಾಗುವ ಮೂರಕ್ಷರದ ಆ ಪದ ನೆನಪಾಗಿರುತ್ತೆ. ಅದರ ಮೂಲ ಇದೇ. ತಲೆಮಾರುಗಳ ಕಾಲ ಕನ್ನಡ ಕ್ರೈಸ್ತರು ಅದನ್ನು ಭಕ್ತಿಯಿಂದ ಕರೆದಿದ್ದಾರೆ, ಅದಕ್ಕೆ ಅದರದೇ ಜೀವ ಇದೆ. ನಾನು ಹೇಳ್ತಿರೋದು ಪದದ ಚರಿತ್ರೆ ಅಷ್ಟೇ.

ಇಷ್ಟು ಮುಚ್ಚಿಟ್ಟರೂ ಹೆಸರು ಪೂರ್ತಿ ಮಾಯವಾಗಿಲ್ಲ. ಎಲಿಯಾಹು, ನೆತನ್ಯಾಹು, ಯೋಹಾನಾನ್ ಅನ್ನೋ ಹೆಸರುಗಳ ಒಳಗೆ ಅದರ ತುಂಡು ಇದೆ. ಯೋಹಾನಾನ್‌ನಿಂದಲೇ ನಮ್ಮ ಕ್ಲಾಸ್‌ಮೇಟ್ ಜಾನ್ ಬಂದಿದ್ದು. ಡೇನಿಯಲ್, ಮೈಕಲ್ ಕೊನೆಯಲ್ಲಿರೋ 'ಎಲ್' ಇನ್ನೊಂದು ದೇವರ ಹೆಸರು. ಹಲ್ಲೆಲೂಯಾ ಅಂತ ಹಾಡಿದವರೆಲ್ಲ ಅದರ ಕೊನೆಯ ಅಕ್ಷರದಲ್ಲಿ ಆ ಹೆಸರಿನ ಚಿಕ್ಕ ರೂಪ ಹೇಳಿದ ಹಾಗೇ.

ಬಿಕಾಂ ಓದಿದ ನನಗೆ ತುಂಬಾ ಇಷ್ಟವಾದದ್ದು ಲೆಕ್ಕದ ವಿಷಯ. ಹೀಬ್ರೂನಲ್ಲಿ ಅಕ್ಷರಗಳೇ ಅಂಕಿಗಳು. ಯೋದ್ ಅಂದ್ರೆ 10, ಹೇ ಅಂದ್ರೆ 5, ವಾವ್ ಅಂದ್ರೆ 6. ಹಾಗಾದರೆ 15 ಬರೆಯೋದು ಹೇಗೆ? ಹತ್ತು ಪ್ಲಸ್ ಐದು, ಯೋದ್-ಹೇ. ಆದರೆ ಅದು ದೇವರ ಹೆಸರಿನ ತುಂಡು ಆಗಿಬಿಡುತ್ತೆ. 16 ಬರೆದರೆ ಯೋದ್-ವಾವ್, ಮತ್ತೆ ಅದೇ ಕಥೆ. ಅದಕ್ಕೆ 15ನ್ನು 9 ಪ್ಲಸ್ 6 ಅಂತ, 16ನ್ನು 9 ಪ್ಲಸ್ 7 ಅಂತ ಬರೀತಾರೆ. ಅಲ್ಲಿನ ಗಿಡಮರಗಳ ಹಬ್ಬ 'ತು ಬಿಶ್ವಾತ್'ನಲ್ಲಿರೋ 'ತು' ಈ ಒಂಬತ್ತು ಪ್ಲಸ್ ಆರೇ, ಶ್ವಾತ್ ತಿಂಗಳ 15ನೇ ದಿನ. ಲೆಕ್ಕದಲ್ಲೂ ದೇವರ ಹೆಸರನ್ನು ಆಕಸ್ಮಿಕವಾಗಿ ಬರೆಯಬಾರದು ಅನ್ನೋ ಎಚ್ಚರ.

ಬರೆಯೋಕೆ ಯಾಕೆ ಇಷ್ಟು ಹೆದರಿಕೆ? ಯಾಕಂದ್ರೆ ಬರೆದ ಮೇಲೆ ಅಳಿಸೋ ಹಾಗಿಲ್ಲ. ಬೈಬಲ್‌ನ ಧರ್ಮೋಪದೇಶಕಾಂಡದಲ್ಲಿ ಅನ್ಯದೇವರ ಹೆಸರುಗಳನ್ನು ಅಳಿಸಿಹಾಕಿ ಅಂದಮೇಲೆ, ನಿಮ್ಮ ದೇವರಿಗೆ ಹಾಗೆ ಮಾಡಬೇಡಿ ಅನ್ನೋ ಮಾತು ಬರುತ್ತೆ. ಇದರ ಮೇಲೆ ಇಡೀ ಕಾನೂನು ನಿಂತಿದೆ. 12ನೇ ಶತಮಾನದ ದೊಡ್ಡ ವಿದ್ವಾಂಸ ಮೈಮೊನಿಡೀಸ್, ಸ್ಪೇನಿನ ಕೊರ್ದೊಬಾದಲ್ಲಿ ಹುಟ್ಟಿ ಈಜಿಪ್ಟಿನಲ್ಲಿ 1204ರಲ್ಲಿ ತೀರಿಕೊಂಡವರು, ಇದನ್ನು ಅಚ್ಚುಕಟ್ಟಾಗಿ ಪಟ್ಟಿ ಮಾಡಿದ್ದಾರೆ. ಅಳಿಸಬಾರದ ಹೆಸರು ಏಳು: ಆ ನಾಲ್ಕಕ್ಷರದ ಹೆಸರು, ಎಲ್, ಎಲೋಹಿಮ್, ಶದ್ದಾಯ್ ಇತ್ಯಾದಿ. ಪ್ರತಿಗಳ ನಡುವೆ ಪಟ್ಟಿಯಲ್ಲಿ ಸಣ್ಣ ವ್ಯತ್ಯಾಸ ಇದೆ. ಒಂದೇ ಒಂದು ಅಕ್ಷರ ಅಳಿಸಿದರೂ ಛಡಿ ಏಟು. ದಯಾಮಯ, ಮಹಾನ್ ಅನ್ನೋಥರದ ವಿಶೇಷಣಗಳನ್ನು ಅಳಿಸಬಹುದು. ಹೆಸರಿನ ಮುಂದೆ ಅಂಟಿದ ಪ್ರತ್ಯಯ ಅಳಿಸಬಹುದು, ಹಿಂದೆ ಅಂಟಿದ್ದನ್ನು ಅಳಿಸಬಾರದು, ಯಾಕಂದ್ರೆ ಹೆಸರು ಅದನ್ನೂ ಪವಿತ್ರ ಮಾಡಿಬಿಟ್ಟಿದೆ. ಪಾತ್ರೆಯ ಮೇಲೆ ಹೆಸರು ಕೆತ್ತಿದ್ದರೆ ಅಷ್ಟು ಭಾಗ ಕತ್ತರಿಸಿ ಹೂಳಬೇಕು.

ತೋರಾ ಸುರುಳಿ ಬರೆಯುವ ಲಿಪಿಕಾರನನ್ನು ಸೋಫೇರ್ ಅಂತಾರೆ. ಒಂದು ಸುರುಳಿಯಲ್ಲಿ 3,04,805 ಅಕ್ಷರ. ಚರ್ಮದ ಹಾಳೆ ಮೇಲೆ ಕೈಯಲ್ಲೇ ಬರೀಬೇಕು. ಬೇರೆ ಪದ ತಪ್ಪಾದರೆ ಚೂರಿಯಿಂದ ಶಾಯಿ ಕೆರೆದು ತಿದ್ದಬಹುದು. ದೇವರ ಹೆಸರು ಬರೆಯುವ ಮುಂಚೆ ಮಾತ್ರ ನಿಂತು, ಇದನ್ನು ಆ ಹೆಸರಿನ ಪಾವಿತ್ರ್ಯಕ್ಕಾಗಿ ಬರೀತಿದ್ದೀನಿ ಅಂತ ಬಾಯಿಬಿಟ್ಟು ಹೇಳಬೇಕು. ಬರೀತಿರುವಾಗ ರಾಜ ಬಂದು ಮಾತಾಡಿಸಿದರೂ ಉತ್ತರ ಕೊಡೋ ಹಾಗಿಲ್ಲ. ಅಲ್ಲಿ ಸರಿಪಡಿಸಲಾಗದ ತಪ್ಪಾದರೆ ಕೆರೆಯೋಕೆ ಬರಲ್ಲ, ಆ ಇಡೀ ಹಾಳೆ ತೆಗೆದು ಹೊಸದಾಗಿ ಬರೀಬೇಕು. ಲೆಡ್ಜರ್‌ನಲ್ಲಿ ರಬ್ಬರ್ ಬಳಸಬಾರದು ಅಂತ ನಮಗೆ ಕಾಲೇಜಲ್ಲಿ ಹೇಳಿಕೊಟ್ಟಿದ್ದು ನೆನಪಾಯ್ತು. ಅಲ್ಲಿ ಹೆದರಿಕೆ ಮೋಸಕ್ಕೆ, ಇಲ್ಲಿ ಅಗೌರವಕ್ಕೆ.

ಹಾಗಾದರೆ ತೆಗೆದ ಹಾಳೆ, ಹಳೇ ಪುಸ್ತಕ ಎಲ್ಲಿಗೆ ಹೋಗುತ್ತೆ? ಕಸಕ್ಕೆ ಹಾಕೋ ಹಾಗಿಲ್ಲ. ಅದಕ್ಕೊಂದು ಜಾಗ, ಹೆಸರು ಗೆನಿಜಾ. ಅಲ್ಲಿ ಕೂಡಿಟ್ಟು, ಆಮೇಲೆ ಸ್ಮಶಾನದಲ್ಲಿ ಮನುಷ್ಯರನ್ನು ಹೂಳಿದ ಹಾಗೆ ಹೂಳ್ತಾರೆ. ಈಗ ಮಂಗಳೂರಿಗೆ ಹೋಗೋ ದಾರಿ ಇಲ್ಲಿಂದ ತೆರೆಯುತ್ತೆ.

ಹಳೇ ಕೈರೋದ ಫುಸ್ತಾತ್‌ನಲ್ಲಿ ಬೆನ್ ಎಜ್ರಾ ಅನ್ನೋ ಸಿನಗಾಗ್ ಇದೆ. ಅಲ್ಲಿನ ಜನ ಗೆನಿಜಾ ಕೋಣೆಗೆ ಹಾಳೆ ಹಾಕ್ತಾ ಹೋದರು, ಆದರೆ ಹೂಳೋದನ್ನು ಬಿಟ್ಟುಬಿಟ್ಟರು. ನಿಯಮದ ಪ್ರಕಾರ ದೇವರ ಹೆಸರಿರೋ ಹಾಳೆಗಳನ್ನು ಉಳಿಸಿದರೆ ಸಾಕಿತ್ತು. ಆದರೆ ಆಗ ಪತ್ರಗಳೂ ದೇವರ ಸ್ಮರಣೆಯಿಂದ ಶುರುವಾಗ್ತಿದ್ದವು, ಅರಬ್ಬಿ ಭಾಷೆಯನ್ನೂ ಹೀಬ್ರೂ ಅಕ್ಷರದಲ್ಲೇ ಬರೀತಿದ್ದರು. ಹಾಗಾಗಿ ರಿಸ್ಕ್ ಯಾಕೆ ಅಂತ ಬಿಲ್ಲು, ಸಾಲಪತ್ರ, ಮದುವೆ ಕರಾರು, ಮಕ್ಕಳ ಕಾಪಿ ಹಾಳೆ ಎಲ್ಲಾ ಒಳಗೆ ಹೋಯ್ತು. ಒಣ ಹವೆ, ಹಾಳೆ ಕೊಳೆಯಲಿಲ್ಲ. 1896-97ರಲ್ಲಿ ಸಾಲೊಮನ್ ಶೆಕ್ಟರ್ ಅನ್ನೋ ವಿದ್ವಾಂಸ ಅಲ್ಲಿಂದ ಕೇಂಬ್ರಿಡ್ಜ್‌ಗೆ ತಂದ ತುಣುಕುಗಳೇ 1,90,000ಕ್ಕೂ ಹೆಚ್ಚು.

ಆ ರಾಶಿಯೊಳಗೆ ಅಬ್ರಹಾಂ ಬೆನ್ ಯಿಜು ಅನ್ನೋ ವ್ಯಾಪಾರಿಯ ಕಾಗದಗಳಿದ್ದವು. ಈಗಿನ ಟುನೀಸಿಯಾದ ಮಹ್ದಿಯಾದವನು. 1132ರಿಂದ 1149ರವರೆಗೆ ಅವನ ಜೀವನ ನಮ್ಮ ಪಶ್ಚಿಮ ಕರಾವಳಿಯಲ್ಲಿ, ಹೆಚ್ಚಾಗಿ ಮಂಗಳೂರಿನಲ್ಲಿ. ಅತ್ತ ಕಲ್ಯಾಣದಲ್ಲಿ ವಚನಕಾರರು ಸೇರಿದ್ದೂ ಇದೇ ಶತಮಾನದಲ್ಲಿ. ಅವನು ಇಲ್ಲಿ ಕಂಚಿನ ಸಾಮಾನು ಮಾಡಿಸ್ತಿದ್ದ. ಏಡನ್‌ನಿಂದ ಒಡೆದ ಪಾತ್ರೆ ಬರ್ತಿತ್ತು, ಹೊಸದಾಗಿ ಎರಕ ಹೊಯ್ದು ವಾಪಸ್ ಹೋಗ್ತಿತ್ತು. ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಅತ್ತ; ಸಕ್ಕರೆ, ಒಣದ್ರಾಕ್ಷಿ, ಬರೆಯೋ ಕಾಗದ ಇತ್ತ. 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಅವನು ಒಂದು ಪತ್ರ ಬರೆದು ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ. ಹೀಬ್ರೂನಲ್ಲಿ ಅವಳಿಗೆ ಬೆರಖಾ ಅಂತ ಹೆಸರಿಟ್ಟ, ಅಂದ್ರೆ ಆಶೀರ್ವಾದ. ಆ ಪತ್ರ ಇವತ್ತಿಗೂ ಇದೆ.

ಅವನ ವ್ಯಾಪಾರಕ್ಕೆ ಒಬ್ಬ ಸಹಾಯಕನಿದ್ದ. ಯಜಮಾನನ ಪರವಾಗಿ ಏಡನ್‌ವರೆಗೆ ಹೋಗಿಬಂದವನು. ಪತ್ರಗಳಲ್ಲಿ ಅವನ ಹೆಸರು ಮೂರೇ ಅಕ್ಷರ: ಬ, ಮ, ಕೊನೆಗೆ ಸ್ವರ ತೋರಿಸೋ ಒಂದು ಅಕ್ಷರ. ನಡುವಿನ ಸ್ವರ ಇಲ್ಲ! ವಿದ್ವಾಂಸರು 'ಬಾಮಾ' ಅಂತ ಓದ್ತಾ ಬಂದಿದ್ದರು. ಅಮಿತಾವ್ ಘೋಷ್ 'ಇನ್ ಆ್ಯನ್ ಆ್ಯಂಟೀಕ್ ಲ್ಯಾಂಡ್' ಪುಸ್ತಕಕ್ಕಾಗಿ ಇವನನ್ನು ಹುಡುಕ್ತಾ ಮಂಗಳೂರಿಗೆ ಬಂದರು. ತುಳು ಜಾನಪದ ಬಲ್ಲ ಪ್ರೊ. ಬಿ. ಎ. ವಿವೇಕ ರೈ ಅವರ ನೆರವಿನಿಂದ ಗುಟ್ಟು ಬಿಚ್ಚಿತು. ಬಾಮಾ ಅಲ್ಲ, ಬೊಮ್ಮ.

ಇಲ್ಲಿ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಕೂತೆ. ಎರಡು ಹೆಸರು, ಎರಡರಲ್ಲೂ ಸ್ವರ ಇಲ್ಲ. ಒಂದನ್ನು ಗೌರವದಿಂದ ಯಾರೂ ಕರೆಯಲಿಲ್ಲ, ಸ್ವರ ಕಳೆದುಹೋಯ್ತು. ಇನ್ನೊಂದು ಸಾಮಾನ್ಯ ಆಳಿನ ಹೆಸರು, ಆದರೆ ಆ ನೆಲದ ಜನ ಆ ಹೆಸರನ್ನು ಕರೀತಾನೇ ಇದ್ದರು, ಹಾಗಾಗಿ 800 ವರ್ಷದ ಮೇಲೂ ಸ್ವರ ವಾಪಸ್ ಸಿಕ್ಕಿತು. ಆದರೆ ಬೊಮ್ಮನ ಆ ಮೂರು ಅಕ್ಷರ ಉಳಿದಿದ್ದಾದರೂ ಯಾಕೆ? ಇನ್ನೊಂದು ಹೆಸರನ್ನು ಕಸಕ್ಕೆ ಹಾಕಬಾರದು ಅಂತ ಜನ ಇಟ್ಟುಕೊಂಡ ಎಚ್ಚರದಿಂದ. ದೇವರ ಹೆಸರಿನ ನೆರಳಲ್ಲಿ ಅಶು ಮತ್ತು ಬೊಮ್ಮ ಉಳಿದುಕೊಂಡರು.

ಈಗ ನನ್ನ ಹನ್ನೊಂದು ಸಲಕ್ಕೆ ಬರೋಣ. ಎಡಿಟ್ ಮಾಡಿ ತೆಗೀಬೇಕು ಅಂದುಕೊಂಡಾಗ ತಲೆಗೆ ಬಂತು: ಅಳಿಸೋದೇ ತಪ್ಪಲ್ವಾ? ನಗಬೇಡಿ, ಈ ಪ್ರಶ್ನೆಯನ್ನು ನನಗಿಂತ ಮುಂಚೆ ಕೇಳಿದವರಿದ್ದಾರೆ. ಟೇಪ್ ರೆಕಾರ್ಡರ್ ಬಂದ ಕಾಲದಲ್ಲಿ ನ್ಯೂಯಾರ್ಕಿನ ರಬ್ಬಿ ಮೋಶೆ ಫೈನ್‌ಸ್ಟೈನ್ ಇದಕ್ಕೆ ಉತ್ತರ ಬರೆದಿದ್ದಾರೆ. ಟೇಪ್ ಮೇಲೆ ಅಕ್ಷರ ಇಲ್ಲ, ಹಾಗಾಗಿ ಅಳಿಸೋದು ಮೂಲತಃ ನಿಷಿದ್ಧ ಅಲ್ಲ, ಆದರೂ ನೋಡೋಕೆ ಚೆನ್ನಾಗಿರಲ್ಲ ಅನ್ನೋ ಅರ್ಥದಲ್ಲಿ. ಕಂಪ್ಯೂಟರ್ ಪರದೆಗೂ ಹಲವು ರಬ್ಬಿಗಳು ಇದೇ ಥರ ಹೇಳಿದ್ದಾರೆ: ಅದು ಬೆಳಕು, ನಿಂತ ಬರಹ ಅಲ್ಲ. ಪ್ರಿಂಟ್ ತೆಗೆದರೆ ಮಾತ್ರ ಹುಷಾರು.

ಎಲ್ಲ ಯಹೂದಿಗಳೂ ಒಂದೇ ಥರ ಪಾಲಿಸಲ್ಲ. ಕೆಲವರು ಇಂಗ್ಲಿಷ್‌ನಲ್ಲಿ ಗಾಡ್ ಅಂತ ಬರೆಯುವಾಗಲೂ ನಡುವಿನ ಅಕ್ಷರ ಬಿಟ್ಟು ಗೆರೆ ಹಾಕ್ತಾರೆ, ಕೆಲವರು ಅದರ ಅಗತ್ಯ ಇಲ್ಲ ಅಂತಾರೆ. ವಿಶ್ವವಿದ್ಯಾಲಯದ ಪಾಠಗಳಲ್ಲಿ ಆ ಊಹಿಸಿದ ಉಚ್ಚಾರವನ್ನು ಬಳಸೋರು ಇದ್ದಾರೆ. ನಾನು ಹೇಳಿದ್ದು ಅಪರಾಧ ಏನಲ್ಲ. ಹೇಳೋ ಹಕ್ಕು ನನಗಿತ್ತು, ಇವತ್ತೂ ಇದೆ. ಆದರೆ ಮಾತಾಡೋದೇ ಕೆಲಸ ಮಾಡ್ಕೊಂಡಿರೋ ನನಗೆ, ಯಾವುದನ್ನು ಹೇಳದೆ ಬಿಡಬಹುದು ಅನ್ನೋದನ್ನು ಯಾರೂ ಕಲಿಸಿರಲಿಲ್ಲ. ಈ ಎಪಿಸೋಡ್ ಪೂರ್ತಿ ಆ ಹೆಸರಿನ ಬಗ್ಗೆಯೇ ಇತ್ತು. ಒಂದು ಸಲವೂ ಹೇಳಲಿಲ್ಲ, ನಿಮಗೇನೂ ಅರ್ಥವಾಗದೆ ಉಳಿಯಲಿಲ್ಲ ಅಲ್ವಾ?

ಆ ಹಳೇ ಎಪಿಸೋಡನ್ನು ತಿದ್ದಿ ಮತ್ತೆ ಹಾಕಿದ್ದೀನಿ. ವಾಯ್ಸ್ ನೋಟ್ ಕಳಿಸಿದವರಿಗೂ ಲಿಂಕ್ ಕಳಿಸಿದೆ. ಕೇಳುವಾಗ ಹನ್ನೊಂದು ಕಡೆ ಅರ್ಧ ಸೆಕೆಂಡ್ ಸದ್ದಿರಲ್ಲ. ಹೆಡ್‌ಫೋನ್ ಹಾಳಾಗಿದೆ ಅಂದುಕೊಳ್ಳಬೇಡಿ. ಅಲ್ಲೊಂದು ಹೆಸರಿದೆ.

ಮುಂದಿನ ವಾರ ಸಿಗೋಣ. ನಮಸ್ಕಾರ.